ನೀರೇ ಬೇಡದ ಮರ

ಚಾಮರಾಜಪೇಟೆಯ ವಿಶ್ವಾರಾಧ್ಯರಿಗೆ ಈ ಲೋಕದಲ್ಲಿ ಶತ್ರುವೆಂದು ಇದ್ದದ್ದು ಮನೆಯ ಮುಂದಿನ ದಾಸವಾಳದ ಗಿಡ. ಬೇಸಿಗೆ ಬಂತೆಂದರೆ ದಿನಾ ಬೆಳಿಗ್ಗೆ ಅದಕ್ಕೆ ಕೊಡಗಟ್ಟಲೆ ನೀರು ಹೊರಬೇಕು. ಹೊತ್ತು ಮುಗಿಸುವಷ್ಟರಲ್ಲಿ ಮೂಲೆಯ ಹೋಟೆಲಿನಲ್ಲಿ ಗೆಳೆಯರ ಕಾಫಿಯೂ ಹರಟೆಯೂ ಮುಗಿದಿರುತ್ತಿದ್ದವು.

ಅವರ ಅಂಗಳದಲ್ಲಿ ಒಂದು ಗಿಡಕ್ಕೆ ಸಾಲುವಷ್ಟೇ ಮಣ್ಣು, ಉಳಿದದ್ದೆಲ್ಲ ಗಾರೆ. ಒಂದು ದಿನ ದಾಸವಾಳವನ್ನು ಬುಡಸಮೇತ ಕಿತ್ತು, ನರ್ಸರಿಯಿಂದ ತಂದ ಆಳೆತ್ತರದ ಕಳ್ಳಿಯನ್ನು ಅಲ್ಲಿ ಪ್ರತಿಷ್ಠಾಪಿಸಿಯೇಬಿಟ್ಟರು.

“ಮನೆ ಮುಂದೆ ಯಾರಾದ್ರೂ ಮುಳ್ಳು ನೆಡ್ತಾರೇನ್ರೀ?” ಎಂದರು ಪತ್ನಿ ಮಹಾನಂದಮ್ಮ.

“ಮುಳ್ಳು ನೋಡ್ಬೇಡ, ಗುಣ ನೋಡು. ಮಾಳಿಗೆ ದಾಟಿ ಬೆಳೆಯುತ್ತೆ. ಬರಗಾಲಕ್ಕೂ ಜಗ್ಗಲ್ಲ. ತೊಟ್ಟು ನೀರು ಕೇಳಲ್ಲ.”

“ಪುಣ್ಯ. ನೀವೋ ಗಂಟೆಗೊಂದ್ಸಲ ಕಾಫಿ ಕೇಳ್ತೀರಿ.”

ಅಲ್ಲಿಂದ ಕೆಲವು ವಾರ ವಿಶ್ವಾರಾಧ್ಯರದು ರಾಜಯೋಗ. ಹೋಟೆಲಿಗೆ ಎಲ್ಲರಿಗಿಂತ ಮೊದಲು ಹೋಗಿ ಕಳ್ಳಿಯ ಮಹಾತ್ಮೆಯನ್ನು ವಾಚಿಸುತ್ತಿದ್ದರು. (ಕೇಳಲಾರದೆ ಮಾಣಿ ಬಿಲ್ಲನ್ನು ಬೇಗ ತಂದಿಡುತ್ತಿದ್ದ.) ಆಮೇಲೆ ಕಳ್ಳಿ ಹಳದಿಗೆ ತಿರುಗಿತು. ಬುಡ ಕಳಿತ ಬಾಳೆಹಣ್ಣಿನಂತೆ ಮೆತ್ತಗಾಯಿತು.

ಕಾರಣ ತಿಳಿಯಲೇಬೇಕೆಂದು ಒಂದು ಬೆಳಿಗ್ಗೆ ಕಾಫಿಯನ್ನೂ ತ್ಯಾಗ ಮಾಡಿ ಕಿಟಕಿಯ ಹಿಂದೆ ನಿಂತರು. ಪೂಜೆ ಮುಗಿಸಿದ ಮಹಾನಂದಮ್ಮ ಬಂದು, ತುಂಬಿದ ತಂಬಿಗೆಯನ್ನು ಕಳ್ಳಿಯ ಬುಡಕ್ಕೆ ಭಕ್ತಿಯಿಂದ ಬಗ್ಗಿಸಿದರು.

“ಅಯ್ಯೋ, ಏನೇ ಇದು!”

“ಅಭಿಷೇಕದ ನೀರು. ತುಳಿಯೋ ಕಡೆ ಚೆಲ್ಲೋಕಾಗುತ್ತಾ? ಗಿಡಕ್ಕೇ ಹಾಕ್ಬೇಕು. ದಾಸವಾಳ ಕಿತ್ತವರು ಯಾರು?”

“ಮರ ಸಾಯುತ್ತೆ ಕಣೇ!”

“ದೇವರ ನೀರು ಕುಡಿದು ಸತ್ತರೆ ಅದಕ್ಕೆ ನೇರ ಕೈಲಾಸ.”

ಮಧ್ಯಾಹ್ನದ ಊಟದ ಹೊತ್ತಿಗೆ ಸಂಧಾನವಾಯಿತು. ಕಳ್ಳಿ ಬದುಕಬೇಕಾದರೆ ಆ ನೀರನ್ನು ದೂರದ ಗುಡಿಯ ಬಿಲ್ವದ ಮರಕ್ಕೆ ದಿನವೂ ವಿಶ್ವಾರಾಧ್ಯರೇ ಒಯ್ದು ಹಾಕಬೇಕು.

ಮಾರನೆಯ ಬೆಳಿಗ್ಗೆ ಬರಿಗಾಲಿನಲ್ಲಿ, ತಂಬಿಗೆ ಹಿಡಿದು ಹೋಟೆಲಿನ ಮುಂದೆ ಹಾದುಹೋಗುವಾಗ ಗೆಳೆಯ ಮಲ್ಲಿಕಾರ್ಜುನಯ್ಯ ಕೂಗಿದರು:

“ನೀರೇ ಬೇಡದ ಮರ ಅಂದ್ರಲ್ಲ ಸ್ವಾಮಿ, ಮತ್ತೆ ಈ ತಂಬಿಗೆ?”

“ಮರಕ್ಕೆ ಬೇಡ ಕಣ್ರೀ. ಹೊರೋದು ಮಾತ್ರ ನನಗೆ ತಪ್ಪಲಿಲ್ಲ.”

ಬಿಲ್ವಕ್ಕೆ ನೀರೆರೆದು ಹಿಂತಿರುಗುವಾಗ ಧೋ ಎಂದು ಮಳೆ ಹಿಡಿಯಿತು. ತೊಯ್ದು ತೊಪ್ಪೆಯಾಗಿ ಮನೆ ಸೇರಿದರೆ, ಮನೆಯಲ್ಲಿದ್ದ ಒಂದೇ ಛತ್ರಿಯನ್ನು ಮಹಾನಂದಮ್ಮ ಕಳ್ಳಿಗೆ ಹಿಡಿದು ನಿಂತಿದ್ದರು.

“ನಾನು ನೆನೀತಿದೀನಲ್ಲೇ!”

“ನೀವು ನೆನೆದ್ರೆ ಕೊಳೆಯಲ್ಲ. ಬನ್ನಿ, ಹಿಡ್ಕೊಳ್ಳಿ ಇದನ್ನ,” ಎಂದು ಛತ್ರಿಯನ್ನು ಅವರ ಕೈಗಿತ್ತು ಮಹಾನಂದಮ್ಮ ಕಾಫಿ ಕುಡಿಯಲು ಒಳಗೆ ಹೋದರು.