ಹಬ್ಬ ನೋಡಿ ಕಟ್ಟಿದ ಒಲೆ

ಪಂಚಾಂಗವನ್ನೂ ಬಸ್ಸಿನ ವೇಳಾಪಟ್ಟಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಪ್ರವಾಸ ಹೊಂದಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲೂಕಿನಲ್ಲಿ ಯಾರೂ ಇಲ್ಲ. ಇದು ನನ್ನ ಜಂಬವಲ್ಲ, ಸರಕಾರಿ ಕಡತದಲ್ಲಿ ದಾಖಲಾದ ಮಾತು. ಹೇಗೆ ದಾಖಲಾಯಿತು ಎಂಬುದನ್ನು ಮಾತ್ರ ನಿಮ್ಮಲ್ಲೇ ಇಟ್ಟುಕೊಳ್ಳಿ.

ಮೈಸೂರು ರಾಜ್ಯ ಕರ್ನಾಟಕವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮವರು ಮನಗೂಳಿಯಲ್ಲಿ ಗ್ರಾಮಸೇವಕರು. (ಗಂಡನ ಹೆಸರು ನಾನು ಹೇಳುವುದಿಲ್ಲ. ಮುಂದೆ ಸಾಹೇಬರು ಬರುತ್ತಾರೆ, ಅವರೇ ಹೇಳುತ್ತಾರೆ.) ರಾಜ್ಯದ ಹೆಸರು ಬದಲಾಯಿತೇ ಹೊರತು ನನ್ನ ಅಡುಗೆಮನೆಯ ಹೊಗೆ ಬದಲಾಗಲಿಲ್ಲ. ಮೇಲೆ ಅಂಗೈ ಅಗಲದ ಒಂದು ಬೆಳಕಿಂಡಿ, ಸುತ್ತ ಮಣ್ಣಿನ ಗೋಡೆ. ಹತ್ತಿಕಟಗಿ, ಸಗಣಿಯ ಕುಳ್ಳು ಹಾಕಿ ಊದುಗೊಳವೆ ಊದಿದೆನೆಂದರೆ ಯಾವುದು ಹಾಲು, ಯಾವುದು ಮಜ್ಜಿಗೆ ಎಂದು ಮೂಗಿನಿಂದಲೇ ಗುರುತು ಹಿಡಿಯಬೇಕು. ವಿಜಾಪುರದ ಕಣ್ಣಿನ ಡಾಕ್ಟರು, "ಇನ್ನ ಎರಡು ವರ್ಷ ಹಿಂಗ ಊದಿದ್ರ ಸೂಜಿಗೆ ದಾರ ಪೋಣಿಸೂದು ಮರತುಬಿಡ್ರಿ" ಎಂದಿದ್ದರು. ನನಗೆ ಆಗ ಮೂವತ್ತೆರಡು ವರ್ಷ. ನಿಜವಾಗಿಯೂ ಹೆದರಿದ್ದೆ.

ಹೀಗಿರುವಾಗ ಒಂದು ಸಂಜೆ ನಮ್ಮವರು ಸೈಕಲ್ಲನ್ನು ಗೋಡೆಗೆ ಒರಗಿಸದೆ ಅಂಗಳದಲ್ಲೇ ಬೀಳಿಸಿ ಓಡಿಬಂದರು.

"ಏ, ಬಾ ಇಲ್ಲಿ! ಇವತ್ತಿಗೆ ನಿನ್ನ ಹೊಗಿ ಹೋತು ಅಂತ ತಿಳಿ!"

"ಮನಿಗೆ ಬೆಂಕಿ ಬಿತ್ತೇನ್ರಿ?" ಎಂದೆ ಗಾಬರಿಯಿಂದ.

ಬೆಂಕಿಯಲ್ಲ, ಹೊಸ ಸಾಹೇಬರು. ಎರಡು ವರ್ಷದ ಹಿಂದೆ ಎಲ್ಲೋ ದೊಡ್ಡ ಪಟ್ಟಣದಲ್ಲಿ ಯಾರೋ ನಕ್ಷೆ ಬರೆದು ಕಳಿಸಿದ 'ಹೊಗೆರಹಿತ ಒಲೆ'ಯನ್ನು ನಮ್ಮ ಭಾಗದ ನಲವತ್ತು ಮನೆಗಳಲ್ಲಿ ಕಟ್ಟಿಸಿದ್ದರು. ಅವುಗಳಲ್ಲಿ ಕೆಲವೊಂದರಲ್ಲಿ ಕೋಳಿ ಕಾವು ಕೂತಿತ್ತು, ಉಳಿದವುಗಳಲ್ಲಿ ಉಳ್ಳಾಗಡ್ಡಿ ತುಂಬಿಟ್ಟಿದ್ದರು. ಅಡುಗೆ ಮಾತ್ರ ಯಾರೂ ಮಾಡುತ್ತಿರಲಿಲ್ಲ. ಹೊಸದಾಗಿ ಬಂದ ಪರಪ್ಪ ಸಾಹೇಬರು ಇದನ್ನೆಲ್ಲ ಕಣ್ಣಾರೆ ಕಂಡು ಹೊಸ ಹುಕುಂ ಹೊರಡಿಸಿದ್ದರು.

"ಒಲಿ ಕಟ್ಟೂದು ಆಮ್ಯಾಲ, ಮೊದ್ಲ ಒಲಿ ಮುಂದ ಕುಂತವರನ್ನ ನೋಡ್ರಿ ಅಂದಾರ," ಎಂದರು ನಮ್ಮವರು ಏದುಸಿರು ಬಿಡುತ್ತ. "ನಾಕು ತಾಲೂಕು, ನಾಕು ಮನಿ. ಒಂದೊಂದು ಮನ್ಯಾಗ ಮೂರು ದಿನ ಇರೂದು. ಉಪದೇಶ ಮಾಡಂಗಿಲ್ಲ. ಬರೇ ನೋಡೂದು, ಕೇಳೂದು, ಬರಕೊಳ್ಳೂದು. ಆಮ್ಯಾಲ ನಾನ ನಕ್ಷೆ ತಗೀಬೇಕು. ಮೊದಲನೇ ಒಲಿ ನಮ್ಮ ಮನ್ಯಾಗ!"

"ಯಾರ ಮನಿಗೆ ಹೋಗಾವ್ರು?"

"ಗುರುತಿನವರ ಮನೀಗೇ ಹೋಗಬೇಕು. ಪರ ಗಂಡಸು ಬಂದು ಅಡಿಗಿಮನ್ಯಾಗ ಕುಂತ್ರ ಯಾರು ಸುಮ್ನಿರ್ತಾರ? ನೀನೂ ಸಂಗಾಟ ಬರಬೇಕು. ಮಳಿ ಹಿಡಿಯೂದ್ರಾಗ ಮುಗೀಬೇಕು. ತಾರೀಖು ನೀನ ನೋಡು, ನನಗೇನು ತಿಳೀತೈತಿ."

ತಾರೀಖು ನೀನೇ ನೋಡು! ಈ ಮಾತು ಕಿವಿಗೆ ಬಿದ್ದದ್ದೇ ತಡ, ಗೂಟಕ್ಕೆ ತೂಗುಹಾಕಿದ್ದ ಪಂಚಾಂಗ ನನ್ನ ಕೈಯಲ್ಲಿತ್ತು. ಸರಕಾರವೇ ಕಳಿಸುವ ಪ್ರವಾಸ, ಜೊತೆಗೆ ಗಂಡ, ಮೇಲೆ ಬೇಸಿಗೆ! ಯುಗಾದಿಗೆ ಮುದ್ದೇಬಿಹಾಳದ ನನ್ನ ತವರು. ಹನುಮಪ್ಪನ ಓಕುಳಿಗೆ ಇಂಡಿ ತಾಲೂಕಿನ ಹೊರ್ತಿಯಲ್ಲಿ ಗೆಳತಿ ಸಿದ್ದವ್ವನ ಮನೆ. ಬಸವ ಜಯಂತಿಗೆ ಬಾಗೇವಾಡಿಯ ಚಿಕ್ಕವ್ವ. ಕಾರಹುಣ್ಣಿಮೆಗೆ ಸಿಂದಗಿಯಲ್ಲಿ ನಮ್ಮವರ ಅಕ್ಕ ರುಕ್ಮವ್ವ. ಹಬ್ಬದ ಮುನ್ನಾದಿನ ಬಸ್ಸಿನಿಂದ ಇಳಿಯುವುದು, ಹಬ್ಬದ ದಿನ ಅಧ್ಯಯನ, ಮರುದಿನ ಉಳಿದದ್ದನ್ನೆಲ್ಲ ಮುಗಿಸಿ ಸಂಜೆಯ ಬಸ್ಸು. ಅರ್ಧ ಗಂಟೆಯಲ್ಲಿ ಮಹಾಯೋಜನೆ ಸಿದ್ಧವಾಯಿತು.

"ಎಲ್ಲಾ ಹಬ್ಬದಾಗ ಬಂತಲ್ಲ?" ಎಂದು ನಮ್ಮವರು ತಲೆ ಕೆರೆದುಕೊಂಡರು.

"ಹಬ್ಬದ ದಿನ ಒಲಿ ಮುಂಜಾನಿಂದ ಸಂಜಿತನಕ ಉರೀತೈತಿ. ಮನಿಮಂದಿಯೆಲ್ಲ ಒಂದ ಕಡೆ ಸಿಗ್ತಾರ. ನಿಮಗ ನೋಡಾಕ ಅನುಕೂಲ" ಎಂದೆ ಗಂಭೀರವಾಗಿ.

ಅವರು ನನ್ನನ್ನು ಎಷ್ಟು ಮೆಚ್ಚುಗೆಯಿಂದ ನೋಡಿದರೆಂದರೆ, ಆ ಕ್ಷಣಕ್ಕೆ ನಾನೂ ನನ್ನ ಮಾತನ್ನು ನಂಬಿಬಿಟ್ಟೆ.

ಮುದ್ದೇಬಿಹಾಳದಲ್ಲಿ ಅಧ್ಯಯನ ಭರ್ಜರಿಯಾಗಿ ಶುರುವಾಯಿತು. ನಸುಕಿನಲ್ಲೇ ನಮ್ಮವರು ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು, ಕಿವಿಗೆ ಪೆನ್ಸಿಲ್ಲು ಸಿಕ್ಕಿಸಿ, ಅಳತೆಯ ಪಟ್ಟಿ ಬಿಚ್ಚಿ ಕುಳಿತರು. ನಮ್ಮ ವೈನಿ, ಅಣ್ಣನ ಹೆಂಡತಿ ಲಕ್ಕವ್ವ, ಸೆರಗನ್ನು ಮೂಗಿನ ತನಕ ಎಳೆದುಕೊಂಡು ಕೆಲಸ ಮಾಡಬೇಕಾಯಿತು.

"ಅಕ್ಕಾರ, ಈ ಹೂರಣದ ಗಡಿಗಿ ಎಷ್ಟು ಅಗಲ ಐತ್ರಿ?"

"ಅಳೀಬ್ಯಾಡ್ರಿ, ತಿನ್ರಿ," ಎಂದು ವೈನಿ ಹಿಡಿ ಹೂರಣ ಅವರ ಅಂಗೈಗೆ ಹಾಕಿದಳು. ಆಮೇಲೆ ನನ್ನನ್ನು ಹಿತ್ತಲಿಗೆ ಎಳೆದೊಯ್ದು, "ನಿನ್ನ ಗಂಡಗ ಏನರ ಆಗೈತೇನ ಸುಂದ್ರಾ? ನಾ ಕೆಮ್ಮಿದ್ದೂ ಬರಕೊಂಡಾರ!" ಎಂದಳು.

ಅವರ ಟಿಪ್ಪಣಿಯ ವಹಿಯಲ್ಲಿ ನಿಜವಾಗಿಯೂ ಹಾಗೆಯೇ ಇತ್ತು. 'ಆರು ಗಂಟೆ: ಬೇಳೆ ಏರಿತು. ಆರೂವರೆ: ಗೃಹಿಣಿ ಕೆಮ್ಮಿದಳು. ಏಳೂವರೆ: ಬೇಳೆ ಇಳಿಯಿತು. ಎಂಟು: ಅಧ್ಯಯನಕಾರನಿಗೆ ಹೂರಣದ ರುಚಿ ನೋಡಲು ಕೊಡಲಾಯಿತು. ಎಂಟೂಕಾಲು: ಇನ್ನೊಮ್ಮೆ ಕೊಡಲಾಯಿತು.'

ಹೊರ್ತಿಯಲ್ಲಿ ಓಕುಳಿಯ ಬಣ್ಣದ ನೀರು ಅವರ ಮೇಲೆ ಬಿದ್ದಾಗ ವಹಿಯನ್ನು ಧೋತರದೊಳಗೆ ಮುಚ್ಚಿಟ್ಟುಕೊಂಡು, "ಅಧ್ಯಯನ ಉಳೀತು!" ಎಂದು ಕೂಗಿದರು. ಬಾಗೇವಾಡಿಯಲ್ಲಿ ಮಾವಿನಹಣ್ಣಿನ ಶೀಕರಣಿಯ ಜೊತೆ ಎಂಟು ಹೋಳಿಗೆ ಉಂಡು, ಒಲೆಯ ಮುಂದೆಯೇ ಗೋಡೆಗೆ ಒರಗಿ ಎರಡು ತಾಸು ಗೊರಕೆ ಹೊಡೆದರು. (ಆ ಎರಡು ತಾಸಿನ ದಾಖಲೆ ನಾನು ಬರೆದದ್ದು.) ಸಿಂದಗಿಯಲ್ಲಿ ಹೊರಗೆ ಎತ್ತುಗಳಿಗೆ ಬಣ್ಣ ಬಳಿಯುತ್ತಿದ್ದರೆ ಒಳಗೆ ರುಕ್ಮವ್ವಕ್ಕ ಒಮ್ಮೆಗೇ ಮೂರು ಪಾತ್ರೆ ಇಟ್ಟು ಕಡುಬು, ಸಾರು, ಅನ್ನ ಮಾಡಿದಳು. ನಮ್ಮವರು ಹುಚ್ಚರಂತೆ ಎದ್ದು ನಿಂತು, "ಸಿಕ್ತು! ಮೂರು ಕಣ್ಣಿನ ಒಲಿ ಬೇಕು!" ಎಂದರು. ನಾನೂ ಚಪ್ಪಾಳೆ ತಟ್ಟಿದೆ. ಮೂರು ತಿಂಗಳಲ್ಲಿ ನಾಲ್ಕೂ ಒಲೆಗಳ ಮುಂದೆ ಕುಳಿತು ಎದ್ದ ಗಂಡನ ಮೇಲೆ ನನಗೆ ಹೆಮ್ಮೆ ಉಕ್ಕಿ ಬಂದಿತ್ತು.

ನಕ್ಷೆಯನ್ನು ನೋಡಿಯೇ ಸುಖವಾಯಿತು. ಮುಂದೆ ಎರಡು ದೊಡ್ಡ ಕಣ್ಣು, ಹಿಂದೆ ಒಂದು ಸಣ್ಣದು, ಮಾಳಿಗೆ ದಾಟಿ ಹೋಗುವ ಹೊಗೆಕೊಳವೆ. ಎಲ್ಲಕ್ಕಿಂತ ಮೇಲಾದದ್ದು ಒಲೆಯ ಬಾಯಿಗೆ ಕೂಡಿಸಿದ ಕಬ್ಬಿಣದ ಬಾಗಿಲು. ಕಟಗಿ ಹಾಕು, ಬಾಗಿಲು ಮುಚ್ಚು, ಹೊಗೆ ಒಳಗೆ ಇಣುಕುವ ಹಾಗೇ ಇಲ್ಲ.

ಕಟ್ಟಲು ಬಂದ ಇಸಾಕ ಗೌಂಡಿ, "ಅಕ್ಕಾರ, ಹಳೇ ಒಲಿ ಒಂದು ತಿಂಗಳು ಇರಲೇನ್ರಿ? ಇದರ ಮಗ್ಗಲಿಗೇ ಹೊಸಾದು ಕಟ್ತೇನಿ" ಎಂದ.

"ಒಡದು ಹಾಕೋ ಇಸಾಕ! ಅದರ ಮಾರಿ ನೋಡಾಕ ಮನಸಿಲ್ಲ ನನಗ" ಎಂದೆ. ಅಷ್ಟಕ್ಕೇ ಸುಮ್ಮನಾಗದೆ ಅವನ ಕೈಯಿಂದ ಗುದ್ದಲಿ ಕಸಿದುಕೊಂಡು ಮೊದಲ ಪೆಟ್ಟನ್ನು ನಾನೇ ಹಾಕಿದೆ. ಹೊಸ ಒಲೆಯನ್ನು ಸಾಹೇಬರೇ ಬಂದು ಹೊತ್ತಿಸಬೇಕೆಂದು ನಮ್ಮವರ ಹಟ. ಅದು ಒಣಗುವ ಎಂಟು ದಿನ ಸಿಂದಗಿಯಿಂದ ಕಟ್ಟಿಕೊಟ್ಟಿದ್ದ ಒಣಗಿಸಿದ ಖಟಕ ರೊಟ್ಟಿ, ಚಟ್ನಿಪುಡಿಯಲ್ಲೇ ಕಳೆದೆವು.

ಮಂಗಳವಾರ ಪರಪ್ಪ ಸಾಹೇಬರು ಜೀಪಿನಲ್ಲಿ ಬಂದರು. ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ಮುಕುರಿದ್ದರು. ಸಾಹೇಬರು ಕಡ್ಡಿ ಗೀರಿ ಒಲೆ ಹೊತ್ತಿಸಿದರು, ನಾನು ಬಾಗಿಲು ಮುಚ್ಚಿದೆ. ಹೊಗೆ ಸದ್ದಿಲ್ಲದೆ ಮಾಳಿಗೆಯ ಮೇಲೆ ಹೋಯಿತು! ಒಂದು ಕಣ್ಣಿನ ಮೇಲೆ ಸಾರು, ಇನ್ನೊಂದರ ಮೇಲೆ ಹೋಳಿಗೆ, ಹಿಂದೆ ಅನ್ನ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಒಲೆಯ ಮುಂದೆ ಕುಳಿತು ಎದುರಿನ ಗೋಡೆಯನ್ನು ಸ್ಪಷ್ಟವಾಗಿ ನೋಡಿದೆ. ಎಷ್ಟು ಸಂತೋಷವಾಯಿತೆಂದರೆ ಸಾಹೇಬರ ಮುಂದೆಯೇ ಜೋರಾಗಿ ನಕ್ಕುಬಿಟ್ಟೆ.

"ಭೇಷ್!" ಎಂದರು ಸಾಹೇಬರು. ನಾನು ತುಪ್ಪ ಸುರಿದ ಹೋಳಿಗೆಯ ತಾಟು ಮುಂದಿಟ್ಟೆ. ಅವರು ಕೈ ಮುಗಿದರು. "ಹೋಳಿಗಿ ಬ್ಯಾಡ ತಂಗೆವ್ವಾ, ನನಗ ಸಕ್ಕರಿ ಬ್ಯಾನಿ ಐತಿ. ಒಂದು ಬಿಸಿ ರೊಟ್ಟಿ ಬಡದು, ಶೇಂಗಾ ಹಿಂಡಿ ಹಚ್ಚಿ ಕೊಡ್ರಿ, ಅಷ್ಟ ಸಾಕು."

ಅದೇನು ದೊಡ್ಡ ಮಾತು! ಜೋಳದ ಹಿಟ್ಟು ನಾದಿದೆ, ಪಟಪಟ ಬಡಿದೆ, ಹಂಚಿಗೆ ಹಾಕಿದೆ, ನೀರು ಸವರಿದೆ, ತಿರುವಿದೆ. ಆಮೇಲೆ ಹದಿನಾಲ್ಕು ವರ್ಷದ ರೂಢಿಯಂತೆ ರೊಟ್ಟಿಯನ್ನು ಹಂಚಿನಿಂದ ತೆಗೆದು, ಒಲೆಯ ಬಾಯಿಯಲ್ಲಿ ಕೆಂಡಕ್ಕೆ ಎದುರಾಗಿ ನಿಲ್ಲಿಸಲು ಕೈ ಚಾಚಿದೆ. ರೊಟ್ಟಿ ಬೇಯುವುದು, ಉಬ್ಬುವುದು ಅಲ್ಲೇ ತಾನೆ?

ರೊಟ್ಟಿ ಕಬ್ಬಿಣದ ಬಾಗಿಲಿಗೆ ಬಡಿದು ಕೆಳಗೆ ಬಿತ್ತು.

ನಾನು ಒಲೆಯನ್ನು ನೋಡಿದೆ. ಓಣಿಯ ಹೆಂಗಸರು ನನ್ನನ್ನು ನೋಡಿದರು. ಇನ್ನೇನು ಮಾಡಲಿ, ಎರಡನೆಯ ರೊಟ್ಟಿಗೆ ಬಾಗಿಲನ್ನೇ ತೆರೆದೆ. ಒಳಗೆ ಕೂಡಿಹಾಕಿದ್ದ ಹೊಗೆಯೆಲ್ಲ ಭುಸ್ಸೆಂದು ನುಗ್ಗಿ ನನ್ನನ್ನು ದಾಟಿ ನೇರವಾಗಿ ಸಾಹೇಬರ ಮೇಲೆ ಹೋಯಿತು. ಅವರು ಕೆಮ್ಮುತ್ತ ಕೆಮ್ಮುತ್ತ ಅಂಗಳಕ್ಕೆ ಓಡಿದರು. ಹಿಂದೆಯೇ ನಮ್ಮವರು ಒಂದು ಮಗ್ಗಲು ಹಸಿ, ಇನ್ನೊಂದು ಮಗ್ಗಲು ಇದ್ದಲಿಯಾದ ರೊಟ್ಟಿಯನ್ನು ತಾಟಿನಲ್ಲಿಟ್ಟುಕೊಂಡು ಓಡಿದರು.

ಸಾಹೇಬರು ಕಣ್ಣೊರೆಸಿಕೊಂಡು ವಹಿ ತರಿಸಿದರು.

"ಗುರಲಿಂಗಪ್ಪಾ, ಹನ್ನೆರಡು ದಿನ ನಾಕು ಮನ್ಯಾಗ ಕುಂತೀರಿ. ಒಬ್ಬರೂ ರೊಟ್ಟಿ ಬಡೀಲಿಲ್ಲೇನು?"

"ಇಲ್ರಿ ಸರ್. ನನಗೂ ಆಶ್ಚರ್ಯ ಆತ್ರಿ. ನಲವತ್ತನೇ ಪುಟದಾಗ ಬರದೇನ್ರಿ, 'ಈ ಭಾಗದ ಜನರ ನಿತ್ಯದ ಆಹಾರ ಹೋಳಿಗೆ' ಅಂತ."

"ನೀವು ಯಾವ ಜಿಲ್ಲಾದವರು?"

"ಇದ ಜಿಲ್ಲಾರಿ ಸರ್."

"ಮನ್ಯಾಗ ದಿನಾ ಏನು ಉಣ್ತೀರಿ?"

"ರೊಟ್ಟೀರಿ ಸರ್. ಆದ್ರ ಗೊತ್ತಿದ್ದದ್ದು ಬರೀಬ್ಯಾಡ್ರಿ, ಕಂಡದ್ದಷ್ಟ ಬರೀರಿ ಅಂತ ನೀವ ಹೇಳಿದ್ರಲ್ರಿ!"

ಸಾಹೇಬರು ಪುಟ ತಿರುವಿ ತಾರೀಖುಗಳ ಮೇಲೆ ಬೆರಳಾಡಿಸಿದರು. ಯುಗಾದಿ. ಓಕುಳಿ. ಬಸವ ಜಯಂತಿ. ಕಾರಹುಣ್ಣಿಮೆ. ಹಬ್ಬಕ್ಕೆ ವಾರ ಮೊದಲೇ ಹೆಂಗಸರು ಖಟಕ ರೊಟ್ಟಿ ಬಡಿದು ಬುಟ್ಟಿ ತುಂಬಿಟ್ಟು ಕೈ ತೊಳೆದುಕೊಳ್ಳುತ್ತಾರೆ ಎಂಬುದು ಸಕ್ಕರೆ ಬ್ಯಾನಿಯ ಸಾಹೇಬರಿಗೂ ಗೊತ್ತಿತ್ತು.

"ಈ ತಾರೀಖು ಯಾರು ಹಾಕಿದ್ದು?"

"ನಮ್ಮ ಮನಿಯವರ್ರಿ ಸರ್!" ನಮ್ಮವರು ಎದೆಯುಬ್ಬಿಸಿ ಹೇಳಿದರು. "ಪಂಚಾಂಗ ನೋಡಿ, ಬಸ್ಸು ನೋಡಿ, ಅರ್ಧ ತಾಸಿನ್ಯಾಗ ಹಾಕಿದ್ರಿ!"

ನಾನು ಬಾಗಿಲ ಹಿಂದೆ ನಿಂತು ಭೂಮಿ ಬಾಯ್ಬಿಡಲಿ ಎಂದು ಬೇಡಿಕೊಂಡೆ. ಸಾಹೇಬರು ಅಲ್ಲೇ ಕಡತ ತೆಗೆದು ಬರೆದರು: 'ಪ್ರವಾಸ ಯೋಜನೆ: ಶ್ರೀಮತಿ ಸುಂದರವ್ವ. ನಾಲ್ಕಕ್ಕೆ ನಾಲ್ಕೂ ಹಬ್ಬ.'

ವಾರದೊಳಗೆ ಹೊಸ ಹುಕುಂ ಬಂತು. ಹಬ್ಬವಿಲ್ಲದ ದಿನಗಳಲ್ಲಿ ಮರು ಅಧ್ಯಯನ ಆಗಬೇಕು. ಈ ಸಲ ಸಿಬ್ಬಂದಿ ಹೋಗುವುದು ಬೇಡ, ಆ ನಾಲ್ಕೂ ಮನೆಯ ಗೃಹಿಣಿಯರೇ ಮನಗೂಳಿಗೆ ಬಂದು ಎಂಟು ದಿನ ಇದ್ದು, ಒಲೆಯನ್ನು ನೋಡಿ ಅಭಿಪ್ರಾಯ ಹೇಳಬೇಕು. ಮಣ್ಣೆತ್ತಿನ ಅಮಾವಾಸ್ಯೆ ಕಳೆದ ಮೂರನೆಯ ದಿನ ಲಕ್ಕವ್ವ ವೈನಿ, ಸಿದ್ದವ್ವ, ಚಿಕ್ಕವ್ವ, ರುಕ್ಮವ್ವಕ್ಕ ನಾಲ್ವರೂ ಗಂಡ, ಮಕ್ಕಳು, ಮೊಮ್ಮಕ್ಕಳ ಸಮೇತ ಇಳಿದರು. ಒಟ್ಟು ಹತ್ತೊಂಬತ್ತು ಮಂದಿ. ಹೋಳಿಗೆ ಯಾರಿಗೂ ಬೇಡ, ಎಲ್ಲರಿಗೂ ಬಿಸಿ ರೊಟ್ಟಿಯೇ ಬೇಕು.

ಹಳೆಯ ಒಲೆಯನ್ನು ನನ್ನ ಕೈಯಾರೆ ಒಡೆದಿದ್ದೆ. ಹೊಸ ಒಲೆಯಲ್ಲಿ ಹತ್ತೊಂಬತ್ತು ಮಂದಿಗೆ ಜಳಕದ ನೀರು ಕಾಯುತ್ತಿತ್ತು. ಉಳಿದದ್ದು ಅಂಗಳ. ಮೂರು ಕಲ್ಲು ಹೂಡಿ, ಹಂಚು ಇಟ್ಟು, ಆಷಾಢದ ಗಾಳಿಯಲ್ಲಿ ಕುಳಿತೆ. ನಾನು ಯಾವ ಮಗ್ಗಲಿಗೆ ಸರಿದರೂ ಹೊಗೆ ಅದೇ ಮಗ್ಗಲಿಗೆ ಸರಿಯುತ್ತಿತ್ತು.

"ಅಕ್ಕಾರ, ನೀವೊಂದಿಷ್ಟು ಬಡೀರಿ, ನಾ ಸುಡ್ತೇನಿ" ಎಂದು ರುಕ್ಮವ್ವಕ್ಕನನ್ನು ಕರೆದೆ.

"ನಾವು ಮಾಡಂಗಿಲ್ಲವ್ವಾ. ಹುಕುಂದಾಗ ಬರೇ ನೋಡ್ರಿ ಅಂತ ಬರದಾರ" ಎಂದಳು ಆಕೆ, ಕಟ್ಟೆಯ ಮೇಲೆ ಕಾಲು ಚಾಚಿ ಎಲೆ ಅಡಿಕೆ ಮೆಲ್ಲುತ್ತ. ನಾಲ್ವರೂ ಸಾಲಾಗಿ ಕುಳಿತು ನನ್ನನ್ನು ನೋಡಿದರು.

ಎಂಟನೆಯ ದಿನ, ಅಂದಿನ ಎಪ್ಪತ್ತನೆಯ ರೊಟ್ಟಿ ಬಡಿಯುವಾಗ ಕಣ್ಣು ಉರಿದು ಉರಿದು ನೀರು ಗಲ್ಲದ ಮೇಲೆ ಧಾರೆಯಾಗಿ ಇಳಿಯುತ್ತಿತ್ತು. ಬೇವಿನ ನೆರಳಲ್ಲಿದ್ದ ನಮ್ಮವರು ವಹಿ ಹಿಡಿದು ಹತ್ತಿರ ಬಂದರು, ಬಗ್ಗಿ ನನ್ನ ಮುಖವನ್ನೇ ನೋಡಿದರು. ಅವರ ಕಣ್ಣೂ ಒದ್ದೆಯಾದವು. ಪರವಾಗಿಲ್ಲ, ಇಷ್ಟು ದಿನಕ್ಕೆ ಗಂಡನಿಗೆ ನನ್ನ ಕಷ್ಟ ಕಾಣಿಸಿತು ಎಂದುಕೊಂಡೆ.

"ಏನು ಬರದ್ರಿ, ಓದ್ರಿ ನೋಡೂಣು" ಎಂದೆ.

ಅವರು ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಓದಿದರು: "ಗೃಹಿಣಿಗೆ ಒಳಗಿನ ಒಲೆಗಿಂತ ಅಂಗಳದಲ್ಲಿ ಮೂರು ಕಲ್ಲಿನ ಮೇಲೆ ಅಡುಗೆ ಮಾಡುವುದೇ ಹೆಚ್ಚು ಇಷ್ಟ. ತವರಿನವರನ್ನು ಕಂಡ ಆನಂದಕ್ಕೆ ಆಕೆ ಎಂಟೂ ದಿನ ಕಣ್ಣೀರು ಸುರಿಸಿದಳು."

ಮರುದಿನ ಅದರ ಕೆಳಗೆ ಪರಪ್ಪ ಸಾಹೇಬರು ಕೆಂಪು ಶಾಯಿಯಲ್ಲಿ 'ಒಪ್ಪಿದೆ, ಇನ್ನೂ ಎಂಟು ದಿನ ಮುಂದುವರಿಸಿರಿ' ಎಂದು ಬರೆದು ಸಹಿ ಹಾಕಿದರು.