ಪುಕ್ಕಲು ಟೀಚರಮ್ಮನ ಚೆಂಡುಹೂವಿನ ಪಾಠ

ಧೈರ್ಯವಂತರ ಜೀವನದಲ್ಲಿ ಏನೂ ಆಗೋದಿಲ್ಲ. ಆಗಬಾರದ್ದೆಲ್ಲ ಹುಡುಕಿಕೊಂಡು ಬರೋದು ನನ್ನಂಥ ಪುಕ್ಕಲರ ಮನೆಗೇ.

ಹಲಸೂರಿನ ಒಂದು ಪ್ರೈಮರಿ ಶಾಲೆಗೆ ನಾನು ಟೀಚರಾಗಿ ಸೇರಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ದಂಡು ಪ್ರದೇಶದ ತುಂಬ ಸೋಲ್ಜರುಗಳು, ರೇಷನ್ ಅಂಗಡಿ ಮುಂದೆ ಉದ್ದಕ್ಕೆ ಜನ. ನನ್ನದು ಟೆಂಪೊರರಿ ಕೆಲಸ. ಖಾಯಂ ಆಗದಿದ್ದರೆ ತೆಪ್ಪಗೆ ಮನೆಯಲ್ಲಿ ಕೂತ್ಕೋ ಅಂತ ನಮ್ಮಣ್ಣ ಹೇಳಿಬಿಟ್ಟಿದ್ದ. ಅಂಥಾದ್ದರಲ್ಲಿ ನಾನು ಸುಮ್ಮನಿರಬೇಕೋ ಬೇಡವೋ? ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಹೂವು ಬೆಳೆಸಿ, ಅದರಿಂದಲೇ ಲೆಕ್ಕ, ವಿಜ್ಞಾನ ಎಲ್ಲಾ ಕಲಿಸ್ತೀನಿ ಅಂತ ಹೆಡ್‌ಮಾಸ್ಟರ ಮುಂದೆ ಬಾಯಿಬಿಟ್ಟೆ. ಊರೆಲ್ಲ ತರಕಾರಿ ಹಾಕಿ ಅಂತಿರುವಾಗ ಇವಳದೇನು ಹೂವು ಅಂತ ಅವರ ಮುಖ ಗಂಟಾಯಿತು. ಆದರೂ ಹೂಂ ಅಂದರು. ಅವತ್ತಿನಿಂದ ನನ್ನ ಎದೆ ಢವಢವ ಶುರುವಾಯಿತು.

ಯಾರ ಕೈ ಸರಿ?

ಮೊದಲು ಅಳತೆಯ ಪಾಠ. ಕೆರೆಯಾಚೆ ಹೂವಿನ ತೋಟ ಇಟ್ಟುಕೊಂಡಿದ್ದ ಮನೆಯ ಹುಡುಗಿಯೊಬ್ಬಳು ನನ್ನ ಕ್ಲಾಸಿನಲ್ಲಿದ್ದಳು. ಅವಳು ತಂದ ಕನಕಾಂಬರದ ದಂಡೆಯನ್ನು ಎಲ್ಲರ ಕೈಗೂ ಕೊಟ್ಟು, ಇದು ಎಷ್ಟು ಮೊಳ ಅಳೀರಿ ಅಂದೆ. ಕೈ ಉದ್ದದವನಿಗೆ ಒಂದು ಉತ್ತರ, ಗಿಡ್ಡದವನಿಗೆ ಇನ್ನೊಂದು. ನಂದು ಸರಿ, ನಂದು ಸರಿ ಅಂತ ಜುಟ್ಟು ಹಿಡಿಯೋ ತನಕ ಹೋಯಿತು. ಗಲಾಟೆ ಕೇಳಿ ಹೆಡ್‌ಮಾಸ್ಟರು ಬಾಗಿಲಿಗೆ ಬಂದು ನಿಂತರು. ಹೂವಿನ ಮನೆಯವಳು ಇದ್ದಾಳಲ್ಲ ಅಂತ ಅವಳನ್ನೇ ಎಬ್ಬಿಸಿ, ಯಾರ ಕೈ ಸರಿ ನೀನೇ ಹೇಳಮ್ಮ ಅಂದೆ.

"ಕೊಳ್ಳೋವಾಗ ನಮ್ಮಪ್ಪನ ಕೈ ಮಿಸ್, ಮಾರೋವಾಗ ನನ್ನ ಕೈ" ಅಂದಳು.

ಹೂವಿನ ಗಂಟೆ

ಬೇಲಿ ಬದಿಗೆ ಸಂಜೆಮಲ್ಲಿಗೆ ಹಾಕಿದ್ದೆವು. ಅದು ದಿನಾ ಅರಳುತ್ತಿದ್ದದ್ದು ಸರಿಯಾಗಿ ಶಾಲೆ ಬಿಡೋ ಹೊತ್ತಿಗೆ. ನೋಡ್ರೋ, ಜವಾನ ಗಂಟೆ ಹೊಡೆಯೋದು ತಪ್ಪಿದರೂ ಈ ಹೂವು ತಪ್ಪೋದಿಲ್ಲ ಅಂತ ಮಕ್ಕಳ ಮುಂದೆ ಜಂಬ ಕೊಚ್ಚಿಕೊಂಡೆ. ಕೊಚ್ಚಿಕೊಳ್ಳಬಾರದಿತ್ತು. ಒಂದು ದಿನ ಮಧ್ಯಾಹ್ನವೇ ಮೋಡ ಕವಿದು ಕತ್ತಲಾಯಿತು. ನಾನು ಸೀಮೆಸುಣ್ಣ ತರೋಕೆ ಆಫೀಸಿಗೆ ಹೋಗಿ ಬರೋದರೊಳಗೆ ಕ್ಲಾಸ್ ಪೂರ್ತಿ ಖಾಲಿ. ಬೆಂಚಿನ ಮೇಲೆ ಒಂದು ಸ್ಲೇಟೂ ಇಲ್ಲ. ನನ್ನ ಜೀವ ಬಾಯಿಗೆ ಬಂತು. ರಸ್ತೆ ತುಂಬ ಮಿಲಿಟರಿ ಲಾರಿಗಳು ಓಡಾಡೋ ಕಾಲ ಅದು. ಸೆರಗು ಬಿಗಿದುಕೊಂಡು ಸಂತೆಬೀದಿ ತನಕ ಓಡಿ, ಗೋಲಿ ಆಡುತ್ತಿದ್ದ ಒಬ್ಬನನ್ನು ಹಿಡಿದೆ. ಯಾರೋ ನಿಮ್ಮನ್ನ ಬಿಟ್ಟಿದ್ದು ಅಂದರೆ, ಅವನು ನನ್ನನ್ನೇ ತಪ್ಪಿತಸ್ಥಳ ಹಾಗೆ ನೋಡಿದ.

"ಹೂವು ಅರಳ್ತು ಮಿಸ್. ಗಂಟೆ ಹೊಡೆಯೋದು ಜವಾನ ಮರ್ತಿದ್ದ."

ಮಾರನೇ ದಿನ ಹೆಡ್‌ಮಾಸ್ಟರು ಕರೆಸಿದರು. ಬರೋ ವಾರ ಇನ್‌ಸ್ಪೆಕ್ಟರು ಬರ್ತಾರೆ, ನಿಮ್ಮ ತೋಟಾನೇ ನೋಡಬೇಕಂತೆ. ಮೆಚ್ಚಿದರೆ ಸರಿ, ಇಲ್ಲದಿದ್ದರೆ ಅಲ್ಲಿ ಬದನೆಕಾಯಿ ಹಾಕಿಸ್ತೀನಿ, ನೀವು ಬೇರೆ ಕೆಲಸ ನೋಡ್ಕೊಳ್ಳಿ ಅಂದರು. ನನಗಿಂತ ಬದನೆಕಾಯಿಯ ಕೆಲಸ ಗಟ್ಟಿಯಾಗಿತ್ತು.

ಮೊಗ್ಗಿನ ಹಟ

ಇನ್‌ಸ್ಪೆಕ್ಟರು ನಾಡಿದ್ದು ಬರಬೇಕು, ಚೆಂಡುಹೂವಿನ ಗಿಡದ ತುಂಬ ಬರೀ ಮೊಗ್ಗು. ಬೆಳಿಗ್ಗೆ ಬಂದು ನೋಡೋದು, ಮಧ್ಯಾಹ್ನ ಊಟ ಬಿಟ್ಟು ನೋಡೋದು, ಸಂಜೆ ನೀರು ಹಾಕಿ ಮತ್ತೆ ನೋಡೋದು. ಅನ್ನ ಇಳೀತಿರಲಿಲ್ಲ. ಕೊನೆಗೆ ಕ್ಲಾಸಿನ ಅತಿ ದಡ್ಡ ಅನ್ನಿಸಿಕೊಂಡವನು ಪಕ್ಕಕ್ಕೆ ಬಂದು, ನನ್ನ ಮೇಲಿನ ಕರುಣೆಯಿಂದಲೇ ಹೇಳಿದ.

"ನೀವು ಹಿಂಗೆ ಎದುರಿಗೆ ನಿಂತ್ಕೊಂಡು ಗುರಾಯಿಸಿದ್ರೆ ಅದಕ್ಕೂ ಮರ್ತೋಗುತ್ತೆ ಮಿಸ್. ನಮಗೂ ಹಂಗೇ ಆಗೋದು."

ತೋಟ ಎಲ್ಲಿ?

ನಾನು ನೋಡೋದು ಬಿಟ್ಟದ್ದಕ್ಕೋ ಏನೋ, ಇನ್‌ಸ್ಪೆಕ್ಟರು ಬರೋ ಹಿಂದಿನ ದಿನ ಸಂಜೆ ನೋಡಿದರೆ ತೋಟದ ತುಂಬ ಹಳದಿ. ದೇವರೇ ಕಾಪಾಡಿದೆಯಪ್ಪ ಅಂದುಕೊಂಡು ಹೊರಡುವಷ್ಟರಲ್ಲಿ ಹೆಡ್‌ಮಾಸ್ಟರು, ಸಾಹೇಬರಿಗೆ ಹಾರದ ವ್ಯವಸ್ಥೆ ನಿಮ್ಮದೇ ಅಂದರು. ಹಾರಕ್ಕೇನು, ಹೂವಿನ ಮನೆ ಹುಡುಗಿ ಇದ್ದಾಳಲ್ಲ. ಅವಳನ್ನು ಕರೆದು ನಾಳೆ ದೊಡ್ಡದಾಗಿ ಒಂದು ಹಾರ ಆಗಬೇಕು, ನೋಡ್ಕೋ ಅಂದೆ. ಎಲ್ಲಿಂದ ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಾರನೇ ದಿನ ಇನ್‌ಸ್ಪೆಕ್ಟರಿಗೆ ಹೆಡ್‌ಮಾಸ್ಟರು ಹಾರ ಹಾಕಿದರು. ಮೊಣಕಾಲು ತನಕ ಇಳಿಯೋ ಭರ್ಜರಿ ಹಾರ. ನಾನು ಚಪ್ಪಾಳೆ ತಟ್ಟಿ, ಒಂದು ಸಲ ನೋಡಿಬರೋಣ ಅಂತ ತೋಟಕ್ಕೆ ಓಡಿದೆ. ಅಲ್ಲಿ ಬರೀ ಎಲೆ, ಬರೀ ದಂಟು. ನನ್ನ ಹಿಂದೆಯೇ ಬಂದ ಹುಡುಗಿ ಹೆಮ್ಮೆಯಿಂದ, "ಹೊತ್ತು ಹುಟ್ಟೋದ್ರೊಳಗೆ ಕಿತ್ಬಿಟ್ವಿ ಮಿಸ್. ಗಿಡದಲ್ಲೇ ಬಿಟ್ರೆ ದಂಡ ಅಲ್ವಾ?" ಅಂದಳು. ಹೂವು ಬೆಳೆಯೋರ ಮನೆಯ ನ್ಯಾಯ ಅದು.

ಅಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು. ಸುತ್ತ ಕಣ್ಣಾಡಿಸಿ, "ಎಲ್ಲಮ್ಮ ಹೂತೋಟ?" ಅಂದರು. ಹೆಡ್‌ಮಾಸ್ಟರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಹುಡುಗಿ ಮಾತ್ರ ತಡಮಾಡದೆ, "ನಿಮ್ಮ ಕತ್ತಲ್ಲಿದೆ ಸಾರ್" ಅಂದಳು.

ಸಾಹೇಬರು ಎಲ್ಲ ದೊಡ್ಡವರ ಹಾಗೆ ಹಾರ ತೆಗೆಯೋಕೆ ಕೈ ಹಾಕಿದರು. "ತೆಗೀಬೇಡಿ ಸಾರ್, ಪಾಠ ಆಗಿಲ್ಲ" ಅಂತ ಮಕ್ಕಳೆಲ್ಲ ಸುತ್ತುವರಿದರು. ಒಬ್ಬ ಕುರ್ಚಿ ತಂದು ಕೂರಿಸಿದ. ಉದ್ದ ಕೈಯವನೂ ಗಿಡ್ಡ ಕೈಯವನೂ ಆ ಕಡೆ ಈ ಕಡೆ ನಿಂತು ಮೊಳ ಹಾಕಿದರು. ಇನ್ನೊಬ್ಬಳು ಹೂವು ಎಣಿಸುತ್ತಾ, ಸಾಹೇಬರು ಕೆಮ್ಮಿದ್ದಕ್ಕೆ ಲೆಕ್ಕ ತಪ್ಪಿತು ಅಂತ ಮತ್ತೆ ಮೊದಲಿಂದ ಶುರು ಮಾಡಿದಳು. ಆ ದಡ್ಡ ಹುಡುಗ ಒಂದು ಚೆಂಡುಹೂವು ಕಿತ್ತು, ಬಿಡಿಸಿ, ಇದು ಒಂದು ಹೂವಲ್ಲ ಸಾರ್, ನೂರಾರು ಪುಟಾಣಿ ಹೂವು ಸೇರಿ ಒಂದಾಗಿರೋದು ಅಂತ ಅವರ ತೊಡೆಯ ಮೇಲೇ ಹರಡಿದ. ಅದನ್ನು ನೋಡಿ ಎಲ್ಲರೂ ಒಂದೊಂದು ಕಿತ್ತರು. ಪಾಠ ಮುಗಿದಾಗ ಸಾಹೇಬರ ಕತ್ತಿನಲ್ಲಿ ಬರೀ ಬಾಳೆನಾರು ಇತ್ತು.

ಅವರು ಎದ್ದು ಕೋಟು ಕೊಡವಿಕೊಂಡರು. ಹೆಡ್‌ಮಾಸ್ಟರ ಕಡೆ ತಿರುಗಿ, "ಈ ಟೀಚರನ್ನ ಖಾಯಂ ಮಾಡಿಸ್ತೀನ್ರೀ. ತೋಟಾನೂ ಇರಲಿ. ಮುಂದಿನ ಸಲ ಹಾರ ಬೇಡ, ನನಗೆ ಒಂದು ನಿಂಬೆಹಣ್ಣು ಕೊಡಿ ಸಾಕು" ಅಂತ ಹೊರಟೇಬಿಟ್ಟರು.

ನಾನು ಅಲ್ಲೇ ಕಟ್ಟೆ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಸಂತೋಷಕ್ಕೆ ಅತ್ತಿದ್ದು ಅಂತ ಆ ಹುಡುಗಿಗೆ ಏನು ಗೊತ್ತು? ಹತ್ತಿರ ಬಂದು ಬೆನ್ನು ಸವರಿದಳು.

"ಅಳ್ಬೇಡಿ ಮಿಸ್. ಇನ್ನೂ ಮೊಗ್ಗು ಇದೆ. ನಾಳೆ ಹೆಡ್‌ಮಾಸ್ಟರಿಗೂ ಒಂದು ಹಾರ ಆಗುತ್ತೆ."

ಹೆಡ್‌ಮಾಸ್ಟರು ಕೋಟಿನ ಗುಂಡಿಯನ್ನು ಕತ್ತಿನ ತನಕ ಹಾಕಿಕೊಂಡು ಒಳಗೆ ಹೋದರು.