ಗಂಟು ಕಟ್ಟುವ ಕರಿ ಪರದೆ

ನಮ್ಮ ಆಫೀಸಿನಲ್ಲಿ ಒಂದು ಕೆಲಸ ನೆಟ್ಟಗೆ ಮುಗಿದದ್ದನ್ನ ನಾನಂತೂ ಕಂಡಿಲ್ಲ. ಅದರಲ್ಲೂ ನನ್ನ ಸ್ವಂತ ಕೆಲಸ ಅಂದ್ರೆ ಕೇಳೋದೇ ಬ್ಯಾಡ.

ನಾನು ಹರಿಹರದ ಒಂದು ಕಾಲೇಜಿನಲ್ಲಿ ಗುಮಾಸ್ತೆ. ಮನೆ ದಾವಣಗೆರೆ ಪಕ್ಕದ ಹದಡಿ ಹಳ್ಳಿ. ಬೆಳಿಗ್ಗೆ ಒಂದು ಬಸ್ಸು ಹತ್ತಿ ದಾವಣಗೆರೆ, ಅಲ್ಲಿ ಇನ್ನೊಂದು ಹಿಡಿದು ಹರಿಹರ, ಸಂಜೆ ಅದೇ ಉಲ್ಟಾ. ಹನ್ನೊಂದು ವರ್ಷದಿಂದ ಮನೆಯಲ್ಲಿ ಬಿಸಿ ರೊಟ್ಟಿ ಅಂತ ತಿಂದವಳಲ್ಲ. ಈ ಸಲ ದಾವಣಗೆರೆಯ ನಮ್ಮ ಹೆಡ್ ಆಫೀಸಿನಲ್ಲಿ ಒಂದು ಜಾಗ ಖಾಲಿ ಆಯ್ತು. ಅಲ್ಲಿಗೆ ಟ್ರಾನ್ಸ್‌ಫರ್ ಬೇಕಂದ್ರೆ ನನ್ನ ಸರ್ವಿಸ್ ರಿಜಿಸ್ಟರ್ ಪೂರ್ತಿ ಸ್ಕ್ಯಾನ್ ಮಾಡಿ, ಜಿಪ್ ಮಾಡಿ, ಅಂದ್ರೆ ಕುಗ್ಗಿಸಿ ಒಂದೇ ಗಂಟು ಕಟ್ಟಿ, ಶುಕ್ರವಾರ ಐದು ಗಂಟೆಯೊಳಗೆ ಕಳಿಸಬೇಕು. ಕಳಿಸಬೇಕಾದವರು ನಮ್ಮ ಸೂಪರಿಂಟೆಂಡೆಂಟ್ ಸಾಹೇಬ್ರು. ಅವರದೇ ಕಂಪ್ಯೂಟರಿನಿಂದ, ಅವರದೇ ಕೈಯಿಂದ.

ಶ್ರೀಕಾರ

ಜಿಪ್ ಮಾಡೋಕೆ ನಮ್ಮಲ್ಲಿ ಹಳೇ ಆಪರೇಟರ್ ಒಬ್ಬರು ಬರೆದಿಟ್ಟು ಹೋದ ಪ್ರೋಗ್ರಾಂ ಐತೆ. ತೆರೆದರೆ ಕರಿ ಪರದೆ, ಅದರ ಮೇಲೆ ನಾಲ್ಕೇ ಸಾಲು. ಒಂದು ಒತ್ತಿದರೆ ಫೈಲುಗಳ ಗಂಟು ಕಟ್ಟುತ್ತೆ, ಎರಡು ಒತ್ತಿದರೆ ಬಿಚ್ಚುತ್ತೆ. ಮೂರು ಒತ್ತಿದರೆ ಪಾಸ್‌ವರ್ಡ್ ಹಾಕಿ ಕಟ್ಟಿ, ಹೊರಗಿರೋ ಮೂಲ ಫೈಲುಗಳನ್ನ ಅಳಿಸಿಬಿಡುತ್ತೆ. ಸೊನ್ನೆ ಒತ್ತಿದರೆ ಬಂದ್.

ಸೋಮವಾರ ಸಾಹೇಬ್ರು ಕಂಪ್ಯೂಟರ್ ಮುಂದೆ ಕೂತು, ಕಣ್ಣು ಮುಚ್ಚಿ ಕೈ ಮುಗಿದು, ಎರಡು ಬೆರಳಲ್ಲಿ ಹುಡುಕಿ ಹುಡುಕಿ ‘ಶ್ರೀ’ ಅಂತ ಒತ್ತಿದರು.

“ಸಾರ್, ನಂಬರ್ ಒತ್ತಬೇಕ್ರಿ.”

“ಗೊತ್ತೈತೆ ತಡೀರಿ. ಮೂವತ್ತು ವರ್ಷದಾಗೆ ಶ್ರೀಕಾರ ಹಾಕದೆ ಒಂದು ಕಾಗದ ಮುಟ್ಟಿಲ್ಲ ನಾನು.”

ಪರದೆಯ ಮೇಲೆ ಬಂತು: ‘ತಪ್ಪು ಆಯ್ಕೆ.’

ಸಾಹೇಬ್ರ ಮುಖ ಕೆಂಪಾಯ್ತು. “ದೇವರ ಹೆಸರು ತಪ್ಪಂತೆ ಇದಕ್ಕ! ಇಂಥದ್ರಾಗೆ ನಿಮ್ಮ ಟ್ರಾನ್ಸ್‌ಫರ್ ಅರ್ಜಿ ಹಾಕ್ತೀರಾ? ಬ್ಯಾಡ, ನಾಳೆ ನೋಡೋಣು” ಅಂತ ಕಂಪ್ಯೂಟರ್ ಬಂದ್ ಮಾಡಿ ಎದ್ದೇಬಿಟ್ಟರು. ದೇವರ ಮಾನ ಉಳೀತು, ನನ್ನದೊಂದು ದಿನ ಹೋಯ್ತು.

ಏಳು ಸಲ

ಮಂಗಳವಾರ ಒಂದು ಒತ್ತಿದರು. ಗಂಟು ಕಟ್ಟಿದ್ದೇನೋ ಆಯ್ತು, ಆದರೆ ಮೂವತ್ತೆಂಟು ಎಂಬಿ. ಹೆಡ್ ಆಫೀಸಿನವರು ಐದು ಎಂಬಿ ಮೀರಬಾರದು ಅಂದಿದ್ದರು.

“ಇನ್ನೊಂದು ಸಲ ಒತ್ತಿದ್ರೆ ಕುಗ್ಗತೈತೆ ಬಿಡ್ರಿ” ಅಂದರು ಸಾಹೇಬ್ರು.

“ಇಲ್ರಿ ಸಾರ್, ಒಮ್ಮೆ ಕುಗ್ಗಿದ್ದು ಮತ್ತೆ ಕುಗ್ಗಲ್ಲ.”

“ಯಾಕ ಕುಗ್ಗಲ್ಲ? ಹಾಸಿಗೆ ಸುತ್ತೋವಾಗ ಒಂದೇ ಸಲ ಒತ್ತಿ ಬಿಡ್ತೀರೇನು?”

ಗಂಟಿನ ಮೇಲೆ ಗಂಟು, ಅದರ ಮೇಲೆ ಗಂಟು, ಒಟ್ಟು ಏಳು ಸಲ ಕಟ್ಟಿದರು. ಕೊನೆಗೆ ನೋಡಿದರೆ ಮೊದಲಿಗಿಂತ ಒಂದಿಷ್ಟು ದಪ್ಪವೇ ಆಗಿತ್ತು. ಸಾಹೇಬ್ರು ತಮ್ಮ ಹೊಟ್ಟೆ ಸವರಿಕೊಂಡು, “ನಾನು ವಾಕಿಂಗ್ ಹೋದಾಗಲೂ ಹಿಂಗೇ ಆಗತೈತೆ ನೋಡ್ರಿ” ಅಂದರು.

ಅಳಬೇಕೋ ನಗಬೇಕೋ ತಿಳೀಲಿಲ್ಲ. ಮುಂದಿನ ಎರಡು ದಿನ ಸ್ಕ್ಯಾನರ್ ಮುಂದೆ ಕೂತು, ಅಷ್ಟೂ ಪುಟಗಳನ್ನ ಸಣ್ಣ ಸೈಜಿನಲ್ಲಿ ಮತ್ತೆ ಸ್ಕ್ಯಾನ್ ಮಾಡಿದೆ. ನಾಲ್ಕು ಎಂಬಿಗೆ ಇಳೀತು.

ಶುಕ್ರವಾರ

ಕೊನೇ ದಿನ ಹೆಡ್ ಆಫೀಸಿನಿಂದ ಹೊಸ ಸೂಚನೆ: ವೈಯಕ್ತಿಕ ದಾಖಲೆ ಇರೋದ್ರಿಂದ ಗಂಟಿಗೆ ಪಾಸ್‌ವರ್ಡ್ ಕಡ್ಡಾಯ. ನನಗೆ ಮಧ್ಯಾಹ್ನ ಪರೀಕ್ಷೆ ಡ್ಯೂಟಿ. “ಹೋಗಿ ಬರ್ರಿ, ನಾನಿಲ್ವೇನು?” ಅಂದರು ಸಾಹೇಬ್ರು. ಆ ಮಾತಿಗೇ ನನಗೆ ಜೀವ ಹೋದಂಗಾಯ್ತು.

ನಾಲ್ಕೂವರೆಗೆ ಓಡಿ ಬಂದೆ. ಸಾಹೇಬ್ರು ಮಂಡಕ್ಕಿ ಮಿರ್ಚಿ ತಿಂತಾ ಕೂತಿದ್ದರು. “ಕಳಿಸಿದೆನ್ರಿ. ಹೂವಿನಂಗೆ ಹೋತು.”

ಅಷ್ಟರಲ್ಲಿ ಹೆಡ್ ಆಫೀಸಿನ ಮೇಡಂ ಫೋನು. “ಫೈಲ್ ಬಂದೈತ್ರಿ, ಪಾಸ್‌ವರ್ಡ್ ಹೇಳ್ರಿ, ತೆಗೀತೀನಿ.”

ನಾನು ಸಾಹೇಬ್ರ ಕಡೆ ತಿರುಗಿದೆ. “ಅದನ್ನೂ ಕಳಿಸೀನಲ್ರಿ!” ಅಂದರು.

“ಎಲ್ಲಿ ಸಾರ್?”

“ಚೀಟಿ ಮೇಲೆ ಬರೆದು, ಸ್ಕ್ಯಾನ್ ಮಾಡಿ, ನಿಮ್ಮ ರಿಜಿಸ್ಟರ್ ಜೊತೆಗೇ ಗಂಟಿನೊಳಗೆ ಇಟ್ಟೀನಿ. ಹೊರಗಿದ್ರೆ ಕಂಡೋರು ಓದಲ್ವೇನು?”

ನಾನು ಮೇಜಿನ ಮೇಲಿದ್ದ ಕಾಗದವೆಲ್ಲ ಕೆದಕಿದೆ. “ಆ ಚೀಟಿ ಎಲ್ರಿ?”

“ಹರಿದು ಹಾಕಿದೆ. ಸೆಕ್ಯುರಿಟಿ!”

“ನನ್ನ ರಿಜಿಸ್ಟರಿನ ಸ್ಕ್ಯಾನು?”

“ಮೂರು ಒತ್ತಿದೆ. ಎಲ್ಲಾ ಕ್ಲೀನ್.”

“ಪಾಸ್‌ವರ್ಡ್ ನೆನಪಾದ್ರೂ ಐತೇನ್ರಿ ಸಾರ್?”

ಸಾಹೇಬ್ರು ನನ್ನನ್ನ ದಡ್ಡಿಯನ್ನ ನೋಡಿದಂಗೆ ನೋಡಿದರು. “ನೆನಪಿರೋ ಪಾಸ್‌ವರ್ಡ್ ಏನು ಗಟ್ಟಿ ಆಗತೈತ್ರಿ?”

ಕಸದ ಬುಟ್ಟಿ ನೆಲಕ್ಕೆ ಸುರುವಿ, ನಾನೂ ಸಾಹೇಬ್ರೂ ಚೀಟಿ ಚೂರು ಜೋಡಿಸಿದೆವು. ಮಿರ್ಚಿ ಎಣ್ಣೆಯಲ್ಲಿ ಅರ್ಧದಷ್ಟು ಅಕ್ಷರ ಕರಗಿದ್ದವು. ಅಷ್ಟೂ ಪುಟ ಮತ್ತೆ ಸ್ಕ್ಯಾನ್ ಮಾಡೋಣ ಅಂದ್ರೆ, ಹತ್ತನೇ ಪುಟಕ್ಕೇ ಐದು ಹೊಡೀತು. ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ, ನಾಚಿಕೆ ಏನೂ ಆಗಲಿಲ್ಲ.

ಹದಿನೈದು ದಿನಕ್ಕೆ ಆರ್ಡರ್ ಬಂತು. ಜಾಗ ಇನ್ಯಾರಿಗೋ ಹೋಯ್ತು. ಸಾಹೇಬ್ರು ನನ್ನನ್ನ ಕರೆದು, ಖುಷಿಯಿಂದ ಕುರ್ಚಿ ತೋರಿಸಿದರು.

“ಕೂಡ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ. ಹೆಡ್ ಆಫೀಸಿನವರು ನಿಮ್ಮ ಫೈಲ್ ಭಾಳ ಹೊಗಳಿದ್ರು. ಅವರ ಇಂಜಿನಿಯರೇ ಮೂರು ದಿನ ಕೂತರೂ ತೆಗೆಯೋಕೆ ಆಗಲಿಲ್ಲಂತೆ. ಇಷ್ಟು ಭದ್ರವಾಗಿ ದಾಖಲೆ ಇಡೋ ಹೆಣ್ಮಗಳನ್ನ ಯಾವ ಕಾರಣಕ್ಕೂ ಹರಿಹರದಿಂದ ಬಿಡಬ್ಯಾಡ್ರಿ ಅಂದ್ರು.”